ಗುರುವಿನ ಮೇಲೆ ಧೂಮಕೇತು ಬೀಳಿಸುತ್ತಿದ್ದ ಮಳೆಗಾಲ

ಹೋದ ತಿಂಗಳು ಭುಜದ ನೋವಿಗೆಂದು ಎನ್.ಆರ್. ಕಾಲೋನಿಯಲ್ಲಿ ಹೊಸದಾಗಿ ತೆರೆದಿರುವ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗಿದ್ದೆ. ಅಲ್ಲಿನ ಹುಡುಗಿ "ಸ್ವಲ್ಪ ತಣ್ಣಗಿರತ್ತೆ ಮೇಡಂ" ಎಂದು ಹೇಳಿ, ಬಾಟಲಿಯಿಂದ ಜೆಲ್ ಹಿಂಡಿ ಭುಜದ ಮೇಲೆ ಸವರಿದಳು. ಆ ಜೆಲ್ಲಿಗೆ ಅಂಥಾ ವಾಸನೆಯೇನೂ ಇಲ್ಲ. ಹೊಸ ಪ್ಲಾಸ್ಟಿಕ್ಕು ಮತ್ತು ಒದ್ದೆ ಸೋಪಿನ ನಡುವಿನ ಒಂದು ಮಂದ ವಾಸನೆ, ಅಷ್ಟೇ. ಅದು ಮೂಗಿಗೆ ತಾಕಿದ್ದೇ ತಡ, ನಾನು ಥಟ್ಟನೆ ಭುಜ ಹಿಂದಕ್ಕೆ ಎಳೆದುಕೊಂಡೆ. "ಯಾಕೆ ಮೇಡಂ, ನೋವಾಯ್ತಾ?" ಎಂದು ಕೇಳಿದಳು. "ಇಲ್ಲಮ್ಮ, ನೀನು ಮಾಡು," ಎಂದೆ. ಭುಜಕ್ಕೆ ಹಚ್ಚಿದರೆ ಹೊಟ್ಟೆಯೊಳಗೆ ಭಯ ಏಳುತ್ತದೆ ಎಂದು ಆ ಹುಡುಗಿಗೆ ಹೇಗೆ ಬಿಡಿಸಿ ಹೇಳಲಿ.

ಆ ಕ್ಲಿನಿಕ್ಕಿಗೆ ಎರಡು ಬೀದಿ ಆಚೆ ಅಮ್ಮನ ಮನೆ. ಕೆಲವು ವರ್ಷಗಳ ಹಿಂದೆ ಅದರ ಮುಂದಿನ ಕೋಣೆಯಲ್ಲಿ ನಾನು ಇಡೀ ಒಂದು ಮಳೆಗಾಲವನ್ನು ಎಡಮಗ್ಗುಲಲ್ಲಿ ಮಲಗಿ ಕಳೆದಿದ್ದೆ. ಹೊಟ್ಟೆಯಲ್ಲಿ ಮಗುವಿತ್ತು. ಅದಕ್ಕೆ ಮೊದಲು ಎರಡು ಸಲ ಕಳೆದುಕೊಂಡಿದ್ದೆ. ಎರಡನೆಯದನ್ನು ಐದು ತಿಂಗಳು ತುಂಬಿದ ಮೇಲೆ, ಇನ್ನೇನು ಭಯವಿಲ್ಲ ಎಂದು ಮನೆಯವರೆಲ್ಲ ಉಸಿರುಬಿಟ್ಟ ಮೇಲೆ. ನನಗೆ ಮೂವತ್ತಾರು ದಾಟಿತ್ತು. ಬಸವನಗುಡಿಯ ನಮ್ಮ ಡಾಕ್ಟ್ರಮ್ಮ, ನಾನು ಹುಟ್ಟಿದಾಗ ಅಮ್ಮನಿಗೆ ಹೆರಿಗೆ ಮಾಡಿಸಿದವರೂ ಅವರೇ, ಸುತ್ತಿ ಬಳಸಿ ಮಾತಾಡುವವರಲ್ಲ. "ಮೆಟ್ಟಿಲು ಬೇಡ, ಆಫೀಸು ಬೇಡ, ಅಡುಗೆಮನೆ ಬೇಡ. ಅಮ್ಮನ ಮನೆಗೆ ಹೋಗಿ ಬಿದ್ಕೋ," ಎಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಇದನ್ನ ಉಳಿಸಿಕೊಳ್ಳೋಣ ಕಣಮ್ಮ," ಎಂದರು. ಅವರ ಬೈಗುಳಕ್ಕೆ ನಾನು ಹೆದರಿದವಳಲ್ಲ. ಮೆತ್ತಗಾದರಲ್ಲ, ಅದಕ್ಕೆ ಹೆದರಿದೆ.

ಹಾಗೆ ಆಷಾಢದ ಗಾಳಿ ಶುರುವಾಗುವ ಹೊತ್ತಿಗೆ ಒಂದು ಸೂಟ್‌ಕೇಸು, ಒಂದು ಲ್ಯಾಪ್‌ಟಾಪು ಹಿಡಿದು ಅಮ್ಮನ ಮನೆಗೆ ಬಂದೆ. ಚಾಮರಾಜಪೇಟೆಯ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಗಂಡ ರಘು ಸಂಜೆ ಅಲ್ಲಿಗೇ ಬರುತ್ತಿದ್ದ. ಹೊರಗೆ ದಿನವಿಡೀ ಜಿಟಿಜಿಟಿ. ಕಿಟಕಿಯಾಚೆ ಪಕ್ಕದ ಮನೆಯವರ ತೆಂಗಿನ ಮರ ಗಾಳಿಗೆ ತಲೆ ಆಡಿಸುತ್ತಿತ್ತು, ತಂತಿಯ ಮೇಲೆ ಒಣಗದ ಬಟ್ಟೆಗಳು ಹಾಗೇ ಜೋತುಬಿದ್ದಿರುತ್ತಿದ್ದವು. ನಾನು ದಿಂಬಿನ ಮೇಲೆ ಲ್ಯಾಪ್‌ಟಾಪ್ ಒರಗಿಸಿಕೊಂಡು, ಒಂದು ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ಗುರು ಗ್ರಹದ ಮೇಲೆ ಧೂಮಕೇತುಗಳನ್ನು ಬೀಳಿಸುತ್ತಿದ್ದೆ.

ಅದೇ ನನ್ನ ಕೆಲಸ. ಮದುವೆಮನೆಗಳಲ್ಲಿ ಯಾರಾದರೂ ಕೇಳಿದರೆ "ಕಂಪ್ಯೂಟರ್" ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ನಿಜ ಹೇಳುವುದಾದರೆ, ಊರಾಚೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೂತು, ಗುರುವಿನ ವಾತಾವರಣಕ್ಕೆ ಧೂಮಕೇತು ನುಗ್ಗಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕುವುದು. ಗುರುವಿಗೆ ನೆಲ ಎಂಬುದಿಲ್ಲ. ಮೇಲಿಂದ ಕೆಳಗೆ ಗಾಳಿ, ಮೋಡ, ಇನ್ನೂ ದಟ್ಟವಾದ ಗಾಳಿ. ಬೀಳುವ ವಸ್ತುವಿಗೆ ಬಡಿದುಕೊಳ್ಳಲು ಏನೂ ಸಿಗುವುದಿಲ್ಲ. ಆ ವೇಗದಲ್ಲಿ ಗಾಳಿಯೇ ಗೋಡೆಯಾಗುತ್ತದೆ. ಧೂಮಕೇತು ಅಂಗೈಯಲ್ಲಿ ತಟ್ಟಿದ ಹಿಟ್ಟಿನ ಉಂಡೆಯಂತೆ ಚಪ್ಪಟೆಯಾಗಿ, ಚೂರಾಗಿ, ಮೋಡದ ಕೆಳಗೆಲ್ಲೋ ಸಿಡಿಯುತ್ತದೆ. ಸಿಡಿದ ಬಿಸಿ ತಾನು ಕೊರೆದುಕೊಂಡು ಬಂದ ದಾರಿಯಲ್ಲೇ ಮೇಲಕ್ಕೆ ಚಿಮ್ಮಿ, ಮೋಡಗಳನ್ನು ದಾಟಿ, ಊಹಿಸಲಾಗದಷ್ಟು ಎತ್ತರ ಏರಿ, ಆಮೇಲೆ ಕೆಳಗೆ ಬೀಳುತ್ತದೆ. ದೂರದಿಂದ ನೋಡುವವರಿಗೆ ದೊಡ್ಡ ಕಾವು ಕಾಣುವುದು ಧೂಮಕೇತು ಬಿದ್ದ ಗಳಿಗೆಯಲ್ಲಿ ಅಲ್ಲ, ಚಿಮ್ಮಿದ್ದು ಮರಳಿ ಬಿದ್ದಾಗ.

ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಒಂದು ಧೂಮಕೇತು ಚೂರುಚೂರಾಗಿ, ಒಂದರ ಹಿಂದೊಂದು ಸಾಲಾಗಿ ಗುರುವಿನ ಮೇಲೆ ಬಿದ್ದಿತ್ತು. ಬಿದ್ದ ಕಡೆಯೆಲ್ಲ ಕಪ್ಪು ಕಲೆ. ಪೇಪರಿನಲ್ಲಿ ಆ ಚಿತ್ರ ನೋಡಿ ಮೂರು ದಿನ ಅಮ್ಮನ ಪಕ್ಕ ಬಿಟ್ಟು ಮಲಗಿರಲಿಲ್ಲ. ಆ ಚೂರುಗಳು ಎಷ್ಟು ದೊಡ್ಡವಿದ್ದವು ಎಂದು ಇವತ್ತಿಗೂ ಯಾರೂ ಎದೆ ತಟ್ಟಿ ಹೇಳುವುದಿಲ್ಲ. ಅವನ್ನು ಯಾರೂ ತೂಗಿ ನೋಡಿಲ್ಲ. ಉಳಿದದ್ದು ಕಲೆ ಮಾತ್ರ. ಇಷ್ಟು ಅಗಲದ ಕಲೆಯಾಗಬೇಕಾದರೆ ಎಷ್ಟು ದೊಡ್ಡ ಚೂರು, ಯಾವ ಕೋನದಲ್ಲಿ, ಎಷ್ಟು ಆಳಕ್ಕೆ ಹೋಗಿರಬೇಕು ಎಂದು ಹಿಂದುಹಿಂದಕ್ಕೆ ಲೆಕ್ಕ ಹಾಕಬೇಕು. ಆ ಮಳೆಗಾಲದಲ್ಲಿ ನಾನೂ ನನ್ನ ಕಿರಿಯ ಸಹೋದ್ಯೋಗಿ ಶ್ರೀಧರನೂ ಮಾಡುತ್ತಿದ್ದದ್ದು ಅದನ್ನೇ. ಬೇರೆ ಬೇರೆ ಗಾತ್ರದ ಚೂರುಗಳನ್ನು ಒಂದೊಂದಾಗಿ ಬೀಳಿಸಿ, ಯಾವುದರ ಕಲೆ ನಿಜವಾದ ಕಲೆಗೆ ಹೊಂದುತ್ತದೆ ಎಂದು ನೋಡುವುದು. ನಾನು ಇಲ್ಲಿಂದ ಒಂದು ಗುಂಡಿ ಒತ್ತಿದರೆ ಸಂಸ್ಥೆಯ ದೊಡ್ಡ ಕಂಪ್ಯೂಟರಿನಲ್ಲಿ ಒಂದು ಧೂಮಕೇತು ಬೀಳಲು ಶುರುವಾಗುತ್ತಿತ್ತು. ಅದು ಬಿದ್ದು ಮುಗಿಯಲು ದಿನಗಟ್ಟಲೆ ಬೇಕಾಗುತ್ತಿತ್ತು. ಅಂಥ ಒಂದೊಂದು ಲೆಕ್ಕದ ಓಟಕ್ಕೆ ನಾವು 'ರನ್' ಎನ್ನುತ್ತೇವೆ.

ಅಮ್ಮ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಒಂದು ಬೆಳಿಗ್ಗೆ ಹಾಲು ತಂದುಕೊಟ್ಟು ಹಾಗೇ ನಿಂತು ಸ್ಕ್ರೀನು ನೋಡಿದಳು.

"ಏನೇ ಅದು, ಕೆಂಪು ಕೆಂಪಗೆ?"

"ಗುರು ಗ್ರಹದ ಮೋಡ. ಈ ಚುಕ್ಕೆ ಧೂಮಕೇತು. ಈಗ ಬೀಳತ್ತೆ ನೋಡು."

"ಗುರುವಿನ ಮೇಲಾ?"

"ಹೂಂ."

"ನೀನೇ ಬೀಳಿಸ್ತಿದೀಯಾ?"

"ಕಂಪ್ಯೂಟರಲ್ಲಿ ಅಮ್ಮ. ನಿಜವಾಗ್ಲೂ ಅಲ್ಲ."

ಅಮ್ಮ ಮಂಚದ ಅಂಚಿನಲ್ಲಿ ಕೂತಳು. "ಸಂತಾನಕಾರಕ ಕಣೇ ಅವನು. ಗುರುವಾರ ಗುರುವಾರ ನಾನು ನವಗ್ರಹಕ್ಕೆ ಹೋಗಿ ನಿನಗೋಸ್ಕರ ಕಡಲೆಕಾಳಿನ ಹಾರ ಹಾಕಿ ಬರ್ತಿದೀನಿ. ನೀನು ನೋಡಿದ್ರೆ, ಬಸುರಿ ಹೆಂಗಸು, ಇಲ್ಲಿ ಮಲಕೊಂಡು ಅವನಿಗೇ ಹೊಡೀತಿದೀಯಲ್ಲೇ."

ನಾನು ನಕ್ಕೆ. "ನೀನು ಲೆಕ್ಕದ ಟೀಚರು ಅಮ್ಮ. ಇವು ಬರೀ ಅಂಕಿ."

"ಲೆಕ್ಕ ಬೇರೆ, ಗುರು ಬೇರೆ. ಹಾಲು ಕುಡಿ," ಎಂದು ಎದ್ದು ಹೋದಳು.

ನಗಬೇಡಿ. ಮುಂದಿನ ಗುರುವಾರ ಬೆಳಿಗ್ಗೆ ಒಂದು ಹೊಸ ರನ್ ತಯಾರಾಗಿತ್ತು, ಗುಂಡಿ ಒತ್ತುವುದೊಂದೇ ಬಾಕಿ. ನನ್ನ ಬೆರಳು ಮುಂದೆ ಹೋಗಲಿಲ್ಲ. ಇಪ್ಪತ್ತು ವರ್ಷ ಭೌತಶಾಸ್ತ್ರ ಓದಿದ ಬೆರಳು ಅದು. ಅಡುಗೆಮನೆಯಲ್ಲಿ ಅಮ್ಮ ನೆನೆಸಿದ ಕಡಲೆಕಾಳನ್ನು ಸೂಜಿದಾರದಲ್ಲಿ ಪೋಣಿಸುತ್ತಿದ್ದಳು. ಒತ್ತಿದರೆ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಒತ್ತದಿದ್ದರೂ ಏನೂ ಆಗುವುದಿಲ್ಲ, ಹಾಗಿದ್ದ ಮೇಲೆ ಯಾಕೆ ಒತ್ತಬೇಕು ಎಂದು ನನಗೆ ನಾನೇ ವಾದ ಹೂಡಿ, ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಆಮೇಲಿನ ಗುರುವಾರವೂ ಹಾಗೇ. ಕೊನೆಗೆ ಶ್ರೀಧರ ಫೋನ್ ಮಾಡಿದ.

"ಮೇಡಂ, ಒಂದು ಮಾತು ಕೇಳ್ಲಾ? ಗುರುವಾರ ಯಾವತ್ತೂ ನಿಮ್ಮ ರನ್ ಇರಲ್ವಲ್ಲ. ಚೆಕಪ್ ಇರತ್ತಾ ಅವತ್ತು?"

"ಹೂಂ ಶ್ರೀಧರ, ಚೆಕಪ್ಪು," ಎಂದೆ.

"ಹಂಗಾದ್ರೆ ನಾನು ಹಾಕ್ತೀನಿ ಬಿಡಿ ಮೇಡಂ."

"ಬೇಡ, ಬೇಡ. ಶುಕ್ರವಾರ ನಾನೇ ಹಾಕ್ತೀನಿ," ಎಂದೆ. ನನ್ನ ದನಿ ಕೇಳಿ ಅವನು ಮತ್ತೆ ಕೇಳಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು, ಆದರೆ ಭಯದ ಮುಂದೆ ಆ ಸಿಟ್ಟು ಎಲ್ಲಿ ನಿಲ್ಲಬೇಕು.

ಅಮ್ಮನ ಮನೆಯಲ್ಲಿ ಎಲ್ಲರಿಗೂ ಅವರವರ ಭಯವಿತ್ತು, ಯಾರೂ ಹೇಳಿಕೊಳ್ಳುತ್ತಿರಲಿಲ್ಲ. ಒಂದು ಸಂಜೆ ರಘು ಬ್ಯಾಂಕಿನಿಂದ ಬರುವಾಗ ಬೆರಳುದ್ದದ ಒಂದು ಜೊತೆ ಕಾಲುಚೀಲ ತಂದ. ಅಮ್ಮ ಅವನನ್ನು ಹೊಸಿಲಲ್ಲೇ ತಡೆದಳು. "ಹುಟ್ಟೋ ಮುಂಚೆ ಏನೂ ತರಬಾರದು. ಬೇಜಾರು ಮಾಡ್ಕೋಬೇಡಿ, ವಾಪಸ್ ಕೊಟ್ಟು ಬಂದ್ಬಿಡಿ," ಎಂದಳು. ಅವನು ಹಾಕಿದ್ದ ಚಪ್ಪಲಿಯನ್ನೂ ಬಿಡದೆ, ಅದೇ ಮಳೆಯಲ್ಲಿ ಹಿಂತಿರುಗಿ ಹೋದ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬೇರೆ ದಿನವಾಗಿದ್ದರೆ ಇಬ್ಬರಿಗೂ ಸರಿಯಾಗಿ ಬಯ್ಯುತ್ತಿದ್ದೆ. ಅವತ್ತು ಅವನು ಬೇಗ ಕೊಟ್ಟು ಬರಲಿ ಎಂದು ಕಾದೆ.

ಈ ನಡುವೆ ಸ್ಕ್ಯಾನುಗಳು. ಮಗು ಸಣ್ಣದಿದೆ ಎಂದು ಡಾಕ್ಟ್ರಮ್ಮ ಮೊದಲೇ ಹೇಳಿದ್ದರು. ಅವರು ಹೊಟ್ಟೆಯ ಮೇಲೆ ಜೆಲ್ ಸವರಿ, ಪರದೆಯಲ್ಲಿ ಮಗುವಿನ ತಲೆ, ಹೊಟ್ಟೆ, ತೊಡೆಮೂಳೆ ಅಳೆದು, ಕೊನೆಗೆ ಒಂದು ತೂಕ ಹೇಳುತ್ತಿದ್ದರು. ಆ ತೂಕ ಕೇಳಿ ರಘುವಿಗೆ ಧೈರ್ಯ ಬರುತ್ತಿತ್ತು. ಅಮ್ಮ ಬೆರಳು ಮಡಿಚಿ ಮನಸ್ಸಿನಲ್ಲೇ ಹೋದ ಸಲದ್ದನ್ನು ಕಳೆದು, "ಪರವಾಗಿಲ್ಲ, ಹೆಚ್ಚಿದೆ," ಎನ್ನುತ್ತಿದ್ದಳು. ನನಗೆ ಮಾತ್ರ ಆ ಅಂಕಿ ಕೇಳಿದರೆ ಹೆದರಿಕೆಯಾಗುತ್ತಿತ್ತು. ಯಾಕೆಂದರೆ ಅದು ಯಾವ ಬಗೆಯ ಅಂಕಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮಗುವನ್ನು ಯಾರೂ ತೂಗಿಲ್ಲ. ಅದರ ನೆರಳನ್ನು ಅಳೆದು, ಒಂದು ಸೂತ್ರಕ್ಕೆ ಹಾಕಿ, ಹಿಂದಕ್ಕೆ ಲೆಕ್ಕ ಹಾಕಿದ್ದಾರೆ. ಹೊಟ್ಟೆಪಾಡಿಗೆ ನಾನು ಮಾಡುವುದೂ ಅದನ್ನೇ. ಇಂಥ ಅಂಕಿ ನೋಡಲು ಎಷ್ಟು ಗಟ್ಟಿ, ಒಳಗೆ ಎಷ್ಟು ಟೊಳ್ಳು ಎಂದು ನನ್ನಷ್ಟು ಯಾರಿಗೆ ಗೊತ್ತು.

ಹೆದರಿದವಳು ಸುಮ್ಮನಿರಲಾರದೆ ಗೊತ್ತಿದ್ದ ಕೆಲಸ ಮಾಡಿದೆ. ಎಲ್ಲ ಸ್ಕ್ಯಾನ್ ರಿಪೋರ್ಟುಗಳನ್ನು ಹರವಿಕೊಂಡು, ಮಗುವಿನ ಹೊಟ್ಟೆಯ ಸುತ್ತಳತೆಯನ್ನು ತೆಗೆದು, ಧೂಮಕೇತುವಿಗೆ ಹಾಕುವ ಪ್ರೋಗ್ರಾಮಿನಲ್ಲೇ ಗ್ರಾಫ್ ಹಾಕಿದೆ. ಗೆರೆ ಏರುತ್ತಾ ಬಂದು ಕೊನೆಯಲ್ಲಿ ಚಪ್ಪಟೆಯಾಗಿತ್ತು. ಮಗುವಿನ ಹೊಟ್ಟೆ ಬೆಳೆಯುವುದು ನಿಂತಿದೆ ಎಂದರೆ ಅದಕ್ಕೆ ಹೊಕ್ಕುಳಬಳ್ಳಿಯಿಂದ ಊಟ ಸಿಗುತ್ತಿಲ್ಲ ಎಂದರ್ಥ. ಅಮ್ಮನನ್ನು ಕೂಗಿ ಆಟೋ ಹಿಡಿಸಿ, ರಘುವಿಗೂ ಫೋನಿನಲ್ಲಿ ಹೇಳಿ, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನರ್ಸಿಂಗ್ ಹೋಮಿಗೆ ಹೋದೆ. ಕಾಯುತ್ತಿದ್ದವರ ಸಾಲನ್ನು ದಾಟಿ ನೇರವಾಗಿ ಒಳಗೆ ನುಗ್ಗಿದೆ.

"ಇದೇನೇ ಇದು?" ಎಂದರು ಡಾಕ್ಟ್ರಮ್ಮ, ಕನ್ನಡಕ ಏರಿಸಿ.

"ಮಗು ಬೆಳವಣಿಗೆ ಡಾಕ್ಟ್ರೆ. ನಿಂತುಹೋಗಿದೆ. ನೋಡಿ ಇಲ್ಲಿ, ಗೆರೆ ಏಳ್ತಾನೇ ಇಲ್ಲ. ಇವತ್ತೇ ತೆಗೆದುಬಿಡಿ, ಪ್ಲೀಸ್. ಒಳಗಿದ್ರೆ ಹೋಗ್ಬಿಡತ್ತೆ."

ಅವರು ಗ್ರಾಫನ್ನು ತುಸು ಹೊತ್ತು ನೋಡಿದರು. ಆಮೇಲೆ ರಿಪೋರ್ಟುಗಳನ್ನು ಇಸಿದುಕೊಂಡು ಒಂದೊಂದಾಗಿ ತಿರುವಿದರು. "ಈ ಮಧ್ಯದ್ದು ಎಲ್ಲಿ ಮಾಡಿಸಿದ್ದು?"

"ನಿಮ್ಮ ಮೆಷೀನು ರಿಪೇರಿಗೆ ಹೋಗಿತ್ತಲ್ಲ ಆಗ. ಮಲ್ಲೇಶ್ವರದಲ್ಲಿ."

"ಅಲ್ಲಮ್ಮ, ಅವರ ಮೆಷೀನು ಬೇರೆ, ಅಳೆಯೋ ಕೈ ಬೇರೆ. ಅವರು ಒಂಚೂರು ಧಾರಾಳವಾಗಿ ಅಳೆದಿದಾರೆ. ಅದನ್ನ ತೆಗೆದು ನೋಡು."

ನಾನು ಆ ಒಂದು ಚುಕ್ಕೆಯನ್ನು ತೆಗೆದೆ. ಗೆರೆ ನಿಧಾನವಾಗಿ, ಆದರೆ ನಿಲ್ಲದೆ, ಮೇಲಕ್ಕೆ ಹೋಗುತ್ತಿತ್ತು. ಮುಖಕ್ಕೆ ನೀರು ಎರಚಿದ ಹಾಗಾಯಿತು. ಎರಡು ಬೇರೆ ಬೇರೆ ದೂರದರ್ಶಕಗಳ ಅಳತೆಯನ್ನು ಹೊಂದಿಸದೆ ಒಂದೇ ಗೆರೆಯಲ್ಲಿ ಸೇರಿಸಬೇಡಿ ಎಂದು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಗಂಟಲು ಹರಿದುಕೊಂಡು ಹೇಳುವವಳು ನಾನು. ಡಾಕ್ಟ್ರಮ್ಮ ಅವತ್ತೇ ಇನ್ನೊಂದು ಸಲ ಸ್ಕ್ಯಾನ್ ಮಾಡಿ, ಬಳ್ಳಿಯಲ್ಲಿ ರಕ್ತ ಹರಿಯುವುದನ್ನೂ ನೋಡಿದರು. "ಮಗು ಸಣ್ಣದು, ಅದು ನಿಜ. ಆದ್ರೆ ಬೆಳೀತಿದೆ. ಇನ್ನೊಂದೆರಡು ವಾರ ಒಳಗಿದ್ರೆ ಶ್ವಾಸಕೋಶಕ್ಕೆ ಒಳ್ಳೇದು. ಇವತ್ತು ನಿನ್ನ ಮಾತು ಕೇಳಿ ತೆಗೆದಿದ್ರೆ ಉಸಿರಾಡೋಕೆ ಒದ್ದಾಡ್ತಿತ್ತು," ಎಂದರು. ಹೊರಡುವಾಗ, "ಗ್ರಾಫ್ ಗೀಫ್ ಬಿಟ್ಟು ಮಗು ಅಲುಗಾಡೋದನ್ನ ನೋಡ್ಕೋ," ಎಂದು ಸೇರಿಸಿದರು. ಕಾಯುತ್ತಿದ್ದ ಹೆಂಗಸರ ನಡುವೆ ನಾನು ತಲೆ ತಗ್ಗಿಸಿಕೊಂಡು ಹೊರಗೆ ಬಂದೆ.

ಏನೂ ಆಗಿಲ್ಲವೆಂದು ತಿಳಿದು ರಘು ನಗಲು ನೋಡಿದ, ಆಗಲಿಲ್ಲ. "ನೀನು ಅಷ್ಟು ಓದಿದೀಯಾ, ನಿನ್ನನ್ನ ನಂಬಿ ನಾನೂ ಎದೆ ಒಡ್ಕೊಂಡೆ," ಎಂದ. ಅವತ್ತಿನಿಂದ ನನಗೆ ಹೊಸದೊಂದು ಭಯ ಶುರುವಾಯಿತು. ಮಗುವಿನದಲ್ಲ, ನನ್ನದೇ. ನಾನು ಹೆದರಿದಾಗ ಅದು ನಿಜವಾದ ಹೆದರಿಕೆಯೋ ಸುಳ್ಳೋ ಎಂದು ನನಗೇ ಗೊತ್ತಾಗುವುದಿಲ್ಲ ಎಂಬ ಭಯ. ಮಗುವನ್ನು ಉಳಿಸಲು ನನ್ನ ಹತ್ತಿರ ಇದ್ದದ್ದು ನನ್ನ ತಲೆ ಒಂದೇ, ಅದೂ ಕೈಕೊಟ್ಟಿತ್ತು.

ಶ್ರಾವಣ ಬಂತು. ಮಳೆ ಜೋರಾಯಿತು. ಒಂದು ಮಧ್ಯಾಹ್ನ ಊಟವಾದ ಮೇಲೆ ಮಲಗಿ ಲ್ಯಾಪ್‌ಟಾಪ್ ತೆರೆದರೆ, ವಾರದಿಂದ ಓಡುತ್ತಿದ್ದ ರನ್ ಮುಗಿದಿತ್ತು. ನೋಡುತ್ತಾ ಹೋದೆ. ಚೂರು ಮೋಡವನ್ನು ಸೀಳಿ ಇಳಿಯಿತು, ಚಪ್ಪಟೆಯಾಯಿತು, ಸಿಡಿಯಿತು. ಬಿಸಿ ಮೇಲೆದ್ದಿತು. ಇಷ್ಟು ದಿನ ನಮ್ಮ ಲೆಕ್ಕದಲ್ಲಿ ಅದು ಅರ್ಧಕ್ಕೇ ಸುಸ್ತಾಗಿ ಬೀಳುತ್ತಿತ್ತು. ಅವತ್ತು ಮೊದಲ ಸಲ ಹೋಗಬೇಕಾದಷ್ಟು ಎತ್ತರಕ್ಕೆ ಹೋಗಿ, ಛತ್ರಿಯಂತೆ ಬಿಚ್ಚಿಕೊಂಡು, ನಿಧಾನವಾಗಿ ಕೆಳಗೆ ಬಂತು. ಕಲೆಯ ಅಗಲ ನಿಜವಾದ ಕಲೆಗೆ ಹತ್ತಿರ ಹತ್ತಿರ ಹೊಂದಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡಿದೆ. ಶ್ರೀಧರನಿಗೆ ಬರೆದೆ. ಅವನು ಕೇಳಿದ್ದಕ್ಕೆ ಉತ್ತರ ಬರೆದೆ. ಬರೆಯುತ್ತಿದ್ದವಳ ಎಡಗೈ ಹೊಟ್ಟೆಯ ಮೇಲೇ ಇತ್ತು. ಆ ಕೈಗೆ ಏನೂ ತಿಳಿಯುತ್ತಿಲ್ಲ ಎಂದು ಇದ್ದಕ್ಕಿದ್ದಂತೆ ಗೊತ್ತಾಯಿತು.

"ಅಮ್ಮ," ಎಂದೆ. ಅಮ್ಮ ಒಳಗಿಂದ ಬಂದಳು. "ಮಗು ಅಲುಗಾಡ್ತಿಲ್ಲ."

"ಯಾವಾಗಿಂದ?"

"ಗೊತ್ತಿಲ್ಲ."

ಅದೇ ಭಯಂಕರ. ಗೊತ್ತಿಲ್ಲ. ಊಟದ ಹೊತ್ತಿಗೆ ಒದ್ದಿತ್ತೇ? ಬೆಳಿಗ್ಗೆ ಒದ್ದಿತ್ತೇ? ಅಮ್ಮ ಒಂದು ಲೋಟ ತಣ್ಣನೆ ಹಾಲಿಗೆ ಸಕ್ಕರೆ ಹಾಕಿ ಕುಡಿಸಿದಳು. ಮಗ್ಗುಲು ಬದಲಾಯಿಸಿದೆ. ಹೊಟ್ಟೆಯನ್ನು ಬೆರಳಿಂದ ತಟ್ಟಿ ಎಬ್ಬಿಸಲು ನೋಡಿದೆ. ಇಬ್ಬರೂ ನನ್ನ ಹೊಟ್ಟೆಯನ್ನೇ ನೋಡುತ್ತಾ ಕೂತೆವು. ಹೊರಗೆ ಮಳೆ, ಮಂಚದ ಮೇಲೆ ಪರದೆಯಲ್ಲಿ ಧೂಮಕೇತು ತನ್ನ ಪಾಡಿಗೆ ತಾನು ಮತ್ತೆ ಮತ್ತೆ ಬೀಳುತ್ತಿತ್ತು. ಅಮ್ಮ ಕೈಚಾಚಿ ಅದನ್ನು ಮುಚ್ಚಿದಳು.

ರಘುವಿಗೆ ಫೋನ್ ಮಾಡಿದೆ. "ನಿದ್ದೆ ಮಾಡ್ತಿರಬೇಕು ಕಣೆ. ಹೋದ ವಾರನೂ ಹಿಂಗೇ ಹೆದರ್ಕೊಂಡ್ಯಲ್ಲ. ಒಂದರ್ಧ ಗಂಟೆ ನೋಡು," ಎಂದ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ, ನಾನೂ ಅದನ್ನೇ ಯೋಚಿಸುತ್ತಿದ್ದೆ. ಮತ್ತೆ ಆ ಹೆಂಗಸರ ಸಾಲನ್ನು ದಾಟಿಕೊಂಡು ನುಗ್ಗುವುದೇ? ಹೋದ ಸಲ ಗ್ರಾಫಾದರೂ ಇತ್ತು. ಈ ಸಲ ತೋರಿಸಲು ಏನಿದೆ? ಒಂದು ಅಂಕಿಯಿಲ್ಲ, ಒಂದು ಗೆರೆಯಿಲ್ಲ. ಏನೋ ಸರಿಯಿಲ್ಲ ಅನ್ನಿಸುತ್ತಿದೆ, ಅಷ್ಟೇ. "ಇನ್ನೊಂಚೂರು ನೋಡೋಣ ಅಮ್ಮ," ಎಂದೆ. ನಿಜ ಹೇಳುತ್ತೇನೆ, ಅವಮಾನದ ಅಂಜಿಕೆ ಆ ಹೊತ್ತಿನಲ್ಲಿ ಮಗುವಿನ ಅಂಜಿಕೆಗೆ ಸಮಸಮವಾಗಿ ನಿಂತಿತ್ತು.

ಅಮ್ಮ ನನ್ನ ಮುಖವನ್ನೇ ನೋಡಿದಳು. ಎದ್ದು ಹೋಗಿ ಸೀರೆಯ ನೆರಿಗೆ ಸರಿಮಾಡಿಕೊಂಡು, ಛತ್ರಿ ತಂದಳು.

"ಏಳು. ಆಟೋ ಕರೀತೀನಿ."

"ಮತ್ತೆ ಸುಳ್ಳಾದ್ರೆ?"

"ಸುಳ್ಳಾದ್ರೆ ಆಗ್ಲಿ. ಇನ್ನೊಂದ್ಸಲ ಬೈಸಿಕೊಂಡು ಬರೋಣ. ನಾನು ಮೂವತ್ತು ವರ್ಷ ಪಾಠ ಮಾಡಿದೀನಿ, ಬೈಸಿಕೊಂಡು ಯಾರೂ ಸತ್ತಿದ್ದು ನೋಡಿಲ್ಲ. ಏಳು ಕಂದ."

ಅಮ್ಮ ನನ್ನನ್ನು ಕಂದ ಎಂದು ಕರೆದು ಎಷ್ಟೋ ವರ್ಷಗಳಾಗಿದ್ದವು. ಅವಳೂ ಹೆದರಿದ್ದಾಳೆ ಎಂದು ಆಗ ನನಗೆ ಖಾತ್ರಿಯಾಯಿತು.

ಬುಲ್ ಟೆಂಪಲ್ ರಸ್ತೆಯಲ್ಲಿ ಆಟೋ ನಿಂತು ನಿಂತು ಹೋಯಿತು. ಗಾಂಧಿ ಬಜಾರ್ ತಿರುವಿನಲ್ಲಿ ರಸ್ತೆ ಅಗೆದು ಹಾಕಿದ್ದರು, ನೀರು ಮೊಳಕಾಲುದ್ದ. "ಮುಂದೆ ಹೋಗಲ್ಲಮ್ಮ, ಇಂಜಿನ್‌ಗೆ ನೀರು ಹೋಗ್ಬಿಡತ್ತೆ," ಎಂದ ಆಟೋದವನು. ನರ್ಸಿಂಗ್ ಹೋಮು ಕಾಣುವಷ್ಟು ಹತ್ತಿರದಲ್ಲಿತ್ತು. ಇಬ್ಬರೂ ಇಳಿದೆವು. ಅಮ್ಮ ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದಿದ್ದಳು. ಹೂವಿನವಳೊಬ್ಬಳು ನನ್ನ ಹೊಟ್ಟೆ ನೋಡಿ ಬುಟ್ಟಿಗಳನ್ನು ಸರಿಸಿ, "ಈ ಕಡೆ ಬನ್ನಿ ಅಕ್ಕ, ಇಲ್ಲಿ ಕಲ್ಲಿದೆ, ಇದರ ಮೇಲೆ ಕಾಲಿಡಿ," ಎಂದಳು. ಆ ಕಲ್ಲಿನ ಮೇಲೆ ಕಾಲಿಡುವಾಗ ಹೊಟ್ಟೆಗೆ ಕೇಳಿಸುವಂತೆ, ಒಂದೇ ಒಂದು ಸಲ ಒದಿ, ಒಂದೇ ಸಲ, ಎಂದು ಬೇಡಿಕೊಂಡೆ. ಒದೆಯಲಿಲ್ಲ.

ಡಾಕ್ಟ್ರಮ್ಮ ಸ್ಕ್ಯಾನ್ ಮಾಡುವಾಗ ಬಾಯಿ ಮುಚ್ಚಿಕೊಂಡಿರುವವರೇ ಅಲ್ಲ. ಹುರುಳಿಕಾಯಿ ರೇಟಿನಿಂದ ಹಿಡಿದು ಪಕ್ಕದ ಬೀದಿಯ ಜಗಳದವರೆಗೆ ಏನಾದರೂ ಹೇಳುತ್ತಲೇ ಇರುವವರು. ಅವತ್ತು ಜೆಲ್ ಹಾಕುತ್ತಾ, "ಮತ್ತೇನಮ್ಮ, ಇವತ್ತು ಗ್ರಾಫ್ ತಂದಿಲ್ವಾ?" ಎಂದು ಶುರುಮಾಡಿದವರು, ಹೊಟ್ಟೆಯ ಮೇಲೆ ಕೈ ಓಡಿಸುತ್ತಿದ್ದಂತೆ ಸುಮ್ಮನಾದರು. ಆ ಮೌನದಲ್ಲಿ ನಾನು ಅವರ ಮುಖ ನೋಡಿದೆ. ನನ್ನ ಜೀವಮಾನದಲ್ಲಿ ನಾನು 'ಹೆದರಿದೆ' ಎಂದು ಎಷ್ಟೋ ಸಲ ಹೇಳಿರಬಹುದು. ಆ ಪದದ ಅರ್ಥ ತಿಳಿದದ್ದು ಆಗ. ಕೋಣೆ ಇತ್ತು, ಲೈಟು ಇತ್ತು, ನಾನು ಮಾತ್ರ ಇರಲಿಲ್ಲ.

"ಬಡಿತ ಇದೆ," ಎಂದರು ಕೊನೆಗೆ. "ಆದ್ರೆ ತುಂಬ ನಿಧಾನ ಆಗಿದೆ." ಪಕ್ಕದಲ್ಲಿದ್ದ ನರ್ಸಿಗೆ, "ಥಿಯೇಟರ್ ರೆಡಿ ಮಾಡು. ಈಗಲೇ. ಮಕ್ಕಳ ಡಾಕ್ಟ್ರಿಗೆ ಫೋನ್ ಮಾಡು," ಎಂದರು. ಆಮೇಲೆ ಅಮ್ಮನ ಕಡೆ ತಿರುಗಿ, "ಸರಿಯಾದ ಹೊತ್ತಿಗೆ ಕರ್ಕೊಂಡು ಬಂದ್ರಿ ಟೀಚರ್. ಸಂಜೆವರೆಗೂ ಕಾದಿದ್ರೆ ನನ್ನ ಕೈಲೂ ಏನೂ ಆಗ್ತಿರಲಿಲ್ಲ," ಎಂದರು. ಅಮ್ಮನ ಸೀರೆಯ ಅಂಚಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು, ಅವಳು ಅದನ್ನೇ ನೋಡುತ್ತಾ ನಿಂತಿದ್ದಳು.

ಥಿಯೇಟರಿನಲ್ಲಿ ಸೊಂಟದ ಕೆಳಗೆ ಮರಗಟ್ಟಿ ಮಲಗಿದ್ದ ನನಗೆ ಹಸಿರು ಪರದೆಯ ಆಚೆ ಏನೂ ಕಾಣುತ್ತಿರಲಿಲ್ಲ. ಏನೋ ಎಳೆದ ಹಾಗಾಯಿತು, ಆಮೇಲೆ ಹಗುರವಾಯಿತು. ಅಳು ಕೇಳಲಿಲ್ಲ. "ಯಾಕೆ ಅಳ್ತಿಲ್ಲ?" ಎಂದೆ. ಮೂಲೆಯಲ್ಲಿ ಯಾರೋ ಏನನ್ನೋ ಉಜ್ಜುತ್ತಿದ್ದ ಸದ್ದು. "ಡಾಕ್ಟ್ರೆ, ಯಾಕೆ ಅಳ್ತಿಲ್ಲ ಹೇಳಿ," ಎಂದು ಮತ್ತೆ ಕೇಳಿದೆ. ಆಮೇಲೆ ಒಂದು ಸಣ್ಣ ಕೆಮ್ಮು, ಅದರ ಹಿಂದೆಯೇ ಒಂದು ಕೀರಲು ದನಿ. "ಹೆಣ್ಣು. ಅಂಗೈ ಅಗಲ ಇದಾಳೆ, ಸಿಟ್ಟು ನೋಡು," ಎಂದರು ಡಾಕ್ಟ್ರಮ್ಮ. ನಾನು ಅತ್ತೆನೋ ಇಲ್ಲವೋ ನೆನಪಿಲ್ಲ.

ತೂಗಿದಾಗ ಸ್ಕ್ಯಾನಿನ ಅಂದಾಜಿಗಿಂತಲೂ ಸಣ್ಣದಿತ್ತು ಮಗು. ನರ್ಸಿಂಗ್ ಹೋಮಿನ ಮೇಲಿನ ಮಹಡಿಯಲ್ಲಿ ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು, ಮೂಗಿನಲ್ಲಿ ಒಂದು ನಳಿಗೆ, ಕಾಲಿಗೊಂದು ತಂತಿ. ರಘು ಗಾಜಿನ ಆಚೆ ನಿಂತು, "ನಾನು ಅರ್ಧ ಗಂಟೆ ನೋಡು ಅಂದೆನಲ್ಲೇ," ಎಂದು ಅದೊಂದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. "ನಾನೂ ಅಂದೆ. ಬಿಡು," ಎಂದೆ. ಅಮ್ಮ ತನ್ನ ಹಳೆಯ ಮೆತ್ತನೆಯ ಹತ್ತಿ ಸೀರೆಯೊಂದನ್ನು ಹರಿದು, ಬಿಸಿನೀರಿನಲ್ಲಿ ಕುದಿಸಿ, ಇಸ್ತ್ರಿ ಮಾಡಿ ತಂದಳು. ಮಗುವಿನ ಮೈಗೆ ಮೊದಲು ತಾಕಿದ ಬಟ್ಟೆ ಅದೇ.

ಗಾಜಿನ ಪೆಟ್ಟಿಗೆಯ ದಿನಗಳಲ್ಲಿ ನಾನು ಗಟ್ಟಿಯಾಗಿದ್ದೆ. ಎಲ್ಲರೂ ಹೊಗಳಿದರು. ಮಗು ಉಸಿರಾಟ ಕಲಿತು, ಹಾಲು ಕಲಿತು, ಮನೆಗೆ ಬಂದ ಮೇಲೆ ನನ್ನ ಭಯ ಮೇಲಿಂದ ಒಟ್ಟಿಗೆ ಬಿತ್ತು. ಬಾಣಂತಿಯ ಬಿಸಿನೀರು, ಸಾಂಬ್ರಾಣಿ ಹೊಗೆ, ತಲೆಗೆ ಕಟ್ಟಿದ ಬಟ್ಟೆ, ಇವೆಲ್ಲದರ ನಡುವೆ ನಾನು ಹಗಲೂ ರಾತ್ರಿ ಮಗುವಿನ ಪಕ್ಕ ಕಾವಲು ಕೂರುತ್ತಿದ್ದೆ. ಅವಳು ಅತ್ತರೆ ಸರಿ. ಸುಮ್ಮನೆ ಮಲಗಿದರೆ ನನ್ನ ಜೀವ ಹೋಗುತ್ತಿತ್ತು. ಎದೆ ಏಳುತ್ತಿದೆಯೇ ಎಂದು ನೋಡುವುದು, ಮೂಗಿನ ಕೆಳಗೆ ಬೆರಳು ಹಿಡಿಯುವುದು, ಬಿಸಿ ಗಾಳಿ ತಾಕಿದರೆ ಕೂರುವುದು, ಕೂತು ಮತ್ತೆ ಏಳುವುದು. ಅಮ್ಮ ಬೈಯುತ್ತಿದ್ದಳು, "ಮಲಗಿರೋ ಮಗುನ ಎಬ್ಬಿಸ್ತಿದೀಯಲ್ಲೇ, ನಿನಗೇನು ಬಂದಿದೆ." ಏನು ಬಂದಿದೆ ಎಂದು ನನಗೂ ಗೊತ್ತಿರಲಿಲ್ಲ.

ಆ ದಿನಗಳಲ್ಲೇ ಒಂದು ಗುರುವಾರ ಶ್ರೀಧರ ಫೋನ್ ಮಾಡಿ, ನಮ್ಮ ಲೆಕ್ಕದ ಪೇಪರ್ ಜರ್ನಲ್ಲಿಗೆ ಕಳಿಸಲು ಇನ್ನೊಂದೇ ರನ್ ಬೇಕು ಎಂದ. "ಇವತ್ತೇ ಹಾಕ್ಬಿಡ್ಲಾ ಮೇಡಂ? ಆದ್ರೆ ಇವತ್ತು..." ಎಂದು ತಡೆದ. ಅವನಿಗೆ ಎಂದೋ ತಿಳಿದುಹೋಗಿತ್ತು. "ನಾಳೆ ಹಾಕು ಶ್ರೀಧರ," ಎಂದೆ. "ಆಯ್ತು ಮೇಡಂ, ನಾಳೆ," ಎಂದ. ಪುಣ್ಯಾತ್ಮ, ನಗಲಿಲ್ಲ. ಈಗ ನನ್ನ ಕೈಕೆಳಗೆ ನಾಲ್ಕು ಸಂಶೋಧನಾ ವಿದ್ಯಾರ್ಥಿಗಳಿದ್ದಾರೆ. ಗುರುವಾರ ಕಂಪ್ಯೂಟರಿಗೆ ವಿಶ್ರಾಂತಿ ಎಂದು ಅವರಿಗೆ ಹೇಳಿಟ್ಟಿದ್ದೇನೆ. ಬಾಯಿಗೆ ಬಂದ ಕಾರಣ ಕೊಡುತ್ತೇನೆ, ಅವರು ನಂಬುತ್ತಾರೋ ಇಲ್ಲವೋ ಕೇಳಲು ಹೋಗಿಲ್ಲ.

ಫಿಸಿಯೋಥೆರಪಿಯಿಂದ ಅವತ್ತು ನೇರ ಅಮ್ಮನ ಮನೆಗೆ ಹೋದೆ. ಶಾಲೆಗೆ ರಜೆ ಇದ್ದದ್ದರಿಂದ ಮಗಳು ಅಲ್ಲೇ ಇದ್ದಳು. ಒಂದನೇ ಕ್ಲಾಸು ಈಗ, ಮೊಳಕೈ ತುಂಬ ಗಾಯ, ಬೀದಿಯ ಗೋಡೆಗಳಲ್ಲಿ ಅವಳು ಹತ್ತದ್ದು ಒಂದೂ ಉಳಿದಿಲ್ಲ. ಆಡಿ ಸುಸ್ತಾಗಿ ಮುಂದಿನ ಕೋಣೆಯ ಮಂಚದ ಮೇಲೆ ಮಲಗಿದ್ದಾಳೆ ಎಂದಳು ಅಮ್ಮ. ಹೋಗಿ ನೋಡಿದೆ. ಗೋಡೆಯ ಕಡೆ ಮುಖ ಮಾಡಿ, ಕೈಕಾಲು ಚೆಲ್ಲಿ, ಅಲುಗಾಡದೆ ಮಲಗಿದ್ದಳು. ಬಾಗಿಲಲ್ಲೇ ನಿಂತು ಕಾದೆ. ಬೆನ್ನು ಏಳುತ್ತಿದೆಯೋ ಇಲ್ಲವೋ ಅಲ್ಲಿಂದ ತಿಳಿಯಲಿಲ್ಲ. ದೊಡ್ಡವಳಾಗಿದ್ದಾಳೆ, ಇನ್ನು ಈ ಹುಚ್ಚು ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಸದ್ದಾಗದಂತೆ ಹತ್ತಿರ ಹೋಗಿ, ಬಗ್ಗಿ, ಮೂಗಿನ ಕೆಳಗೆ ಬೆರಳು ಹಿಡಿದೆ.

ಕಣ್ಣು ತೆರೆಯದೆಯೇ ಅವಳು, "ಇದೀನಮ್ಮ. ಹೋಗು," ಎಂದಳು.